ಬಾಗಿಲಲ್ಲೇ ಹೆಸರು ಬರೆದುಕೊಳ್ಳಿ

2025ರ ಜುಲೈ 29ರ ರಾತ್ರಿ ನಮ್ಮ ಸಂಘದ ಲಾಬಿ ವರದಿ ಸಲ್ಲಿಸಿ ಮುಗಿಸಿದೆ. ಸಂಬಳ ಪಡೆದು ಒಂದು ಸಂಘದ ಪರವಾಗಿ ಶಾಸಕರ ಹತ್ತಿರ ಮಾತಾಡುವುದಕ್ಕೆ ಇಲ್ಲಿ ಲಾಬಿ ಎನ್ನುತ್ತಾರೆ, ಅದಕ್ಕಾಗಿ ಮಾಡಿದ ಖರ್ಚನ್ನು ಮೂರು ತಿಂಗಳಿಗೊಮ್ಮೆ ರಾಜ್ಯ ಸರ್ಕಾರಕ್ಕೆ ಬರೆದುಕೊಡಬೇಕು. ಗಡುವು ಜುಲೈ 31. ಮೇ 14ರ ಸಂಜೆ ಎರಡೂವರೆ ಗಂಟೆ ನಡೆದ ಒಂದು ಔತಣಕೂಟದ ಲೆಕ್ಕ ಬಗೆಹರಿಯಲು ಹನ್ನೊಂದು ವಾರ ಹಿಡಿಯಿತು. ದುಡ್ಡಿನ ಲೆಕ್ಕ ಸುಲಭವಿತ್ತು. ಯಾವ ಶಾಸಕರ ಜೊತೆ ಯಾರು ಬಂದಿದ್ದರು, ಬಂದವರು ಕೂತು ಉಂಡರೋ ನಿಂತಲ್ಲೇ ಪಾನಕ ಕುಡಿದು ಹೊರಟರೋ, ಉಡುಗೊರೆಯ ಹಣ್ಣಿನ ಡಬ್ಬಿ ಹಿಡಿದುಕೊಂಡು ಹೋದವರು ಎಷ್ಟು ಜನ, ಇದನ್ನೆಲ್ಲ ನೆನಪಿನಿಂದ ಹೆಕ್ಕಿ ತೆಗೆಯುವಷ್ಟರಲ್ಲಿ ಸಾಕುಸಾಕಾಯಿತು. ಕ್ಯಾಲಿಫೋರ್ನಿಯಾದಲ್ಲಿ ಈ ಕೆಲಸಕ್ಕೆ ಕಾಲಿಡುತ್ತಿರುವ ನಮ್ಮವರು ಮೂರ್ನಾಲ್ಕು ಜನ ನನಗೇ ಗೊತ್ತು. ಅವರಿಗೆ ನನ್ನಷ್ಟು ಪೇಚಾಟ ಬೇಡ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ತಿಪಟೂರಿನವಳು. ಸ್ಯಾಕ್ರಮೆಂಟೊದಲ್ಲಿ ಒಣಹಣ್ಣು ಬೆಳೆಗಾರರ ಒಂದು ಸಣ್ಣ ಸಂಘಕ್ಕೆ ಆರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಜರ್ದಾಲು, ಒಣದ್ರಾಕ್ಷಿ, ಅಕ್ರೋಟು ಬೆಳೆಯುವ ಮಧ್ಯಮ ಗಾತ್ರದ ರೈತರ ಸಂಘ. ಮೊದಲೆಲ್ಲ ವಿಧೇಯಕಗಳನ್ನು ಓದಿ ಟಿಪ್ಪಣಿ ಬರೆಯುವುದಷ್ಟೇ ನನ್ನ ಕೆಲಸ. ಶಾಸಕರ ಹತ್ತಿರ ಮಾತಾಡಲು ಹೊರಗಿನ ಒಂದು ಸಂಸ್ಥೆಗೆ ಗುತ್ತಿಗೆ ಕೊಟ್ಟಿದ್ದರು. ಡಿಸೆಂಬರ್‌ನಲ್ಲಿ ಆ ಗುತ್ತಿಗೆ ಮುಗಿಯಿತು, ಜನವರಿಯಿಂದ ಮಾತಿನ ಕೆಲಸವೂ ನನ್ನ ಹೆಗಲಿಗೆ ಬಂತು. ನೀರಾವರಿಗೆ ಸಂಬಂಧಿಸಿದ ಒಂದು ವಿಧೇಯಕದ ಬೆನ್ನು ಹತ್ತಿ ದಿನಕ್ಕೆ ಏಳೆಂಟು ಕಚೇರಿ ಸುತ್ತುತ್ತಿದ್ದೆ. ಇಲ್ಲಿಯ ವಿಧಾನಸೌಧವಾದ ಕ್ಯಾಪಿಟಲ್ ಕಟ್ಟಡದ ಹಿಂಭಾಗವನ್ನು ಹೊಸದಾಗಿ ಕಟ್ಟುತ್ತಿರುವುದರಿಂದ ಶಾಸಕರ ಕಚೇರಿಗಳೆಲ್ಲ ಈಗ ಓ ಸ್ಟ್ರೀಟ್‌ನ ಬೇರೆ ಕಟ್ಟಡದಲ್ಲಿವೆ. ಒಂದು ಮಹಡಿಯಿಂದ ಇನ್ನೊಂದಕ್ಕೆ ಓಡಾಡುವುದರಲ್ಲೇ ದಿನ ಕಳೆಯುತ್ತಿತ್ತು.

ಲಾಬಿಯಿಸ್ಟ್ ಆಗಲು ಯಾರೂ ನೇಮಕಪತ್ರ ಕೊಡುವುದಿಲ್ಲ. ಒಂದು ಕ್ಯಾಲೆಂಡರ್ ತಿಂಗಳಲ್ಲಿ ನೀವು ಸಂಬಳಕ್ಕೆ ದುಡಿದ ಸಮಯದ ಮೂರನೇ ಒಂದು ಭಾಗ ಶಾಸಕರು, ಅವರ ಸಿಬ್ಬಂದಿ, ರಾಜ್ಯದ ಇಲಾಖೆಯ ಅಧಿಕಾರಿಗಳು ಇವರ ಜೊತೆ ನೇರವಾಗಿ ಮಾತಾಡುವುದಕ್ಕೆ ಹೋದರೆ ಕಾನೂನಿನ ಕಣ್ಣಲ್ಲಿ ನೀವು ಲಾಬಿಯಿಸ್ಟ್. ಮಾರ್ಚ್ ತಿಂಗಳಿಗೆ ನನ್ನ ಲೆಕ್ಕ 168 ಗಂಟೆ, ಮೂರನೇ ಒಂದು ಅಂದರೆ 56. ಮಾರ್ಚ್ 20ರ ಸಂಜೆ ನನ್ನ ಪುಸ್ತಕದಲ್ಲಿ 57 ಗಂಟೆ ಆಗಿತ್ತು. ಆ ದಿನದಿಂದ 10 ದಿನದೊಳಗೆ ನೋಂದಣಿ ಆಗಬೇಕು. ನಾನು ಗಂಟೆಗಳನ್ನು ಬರೆದಿಡುತ್ತಿದ್ದೆ ಎಂದು ಬಚಾವಾದೆ. ನೀವು ಲಾಬಿಯಿಸ್ಟ್ ಅಲ್ಲ ಅಂದುಕೊಂಡಿದ್ದರೂ ಇವತ್ತಿನಿಂದಲೇ ಗಂಟೆ ಬರೆದಿಡಲು ಶುರುಮಾಡಿ.

ನೋಂದಣಿಗೆ ಸಂಘದ ಕಡೆಯಿಂದ ಫಾರ್ಮ್ 603, ನನ್ನ ಕಡೆಯಿಂದ 604, ಒಂದು ಭಾವಚಿತ್ರ, ವರ್ಷಕ್ಕೆ 50 ಡಾಲರ್ ಶುಲ್ಕ. ಇವು ಹೋಗುವುದು ಚುನಾವಣೆ, ನೋಂದಣಿಯ ದಾಖಲೆ ನೋಡಿಕೊಳ್ಳುವ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಗೆ. ನಿಯಮ ಮಾಡುವುದು, ತಪ್ಪಿದವರಿಗೆ ದಂಡ ಹಾಕುವುದು ಫೇರ್ ಪೊಲಿಟಿಕಲ್ ಪ್ರಾಕ್ಟೀಸಸ್ ಕಮಿಷನ್, ಇಲ್ಲಿಯವರ ಬಾಯಲ್ಲಿ ಎಫ್‌ಪಿಪಿಸಿ. ಮೊದಲ ಸಲ ನೋಂದಾಯಿಸುವವರು ಶಾಸನಸಭೆಯ ಎರಡೂ ಸದನಗಳ ನೀತಿ ಸಮಿತಿಗಳು ನಡೆಸುವ ಪಾಠವನ್ನು 12 ತಿಂಗಳೊಳಗೆ ಮುಗಿಸಬೇಕು. ಮುಂದಕ್ಕೆ ಹಾಕಬೇಡಿ, ಮೊದಲೇ ಮುಗಿಸಿಬಿಡಿ. ಆಮೇಲೆ ನನ್ನ ತಲೆ ತಿಂದ ಪ್ರಶ್ನೆಗಳಲ್ಲಿ ಅರ್ಧಕ್ಕೆ ಉತ್ತರ ಅಲ್ಲಿತ್ತು.

ಮಾರ್ಚ್ 27ಕ್ಕೆ ನೋಂದಣಿ ಆಯಿತು. ಕೆಲವು ದಿನದಲ್ಲಿ ನನ್ನ ಫೋಟೋ, ಹೆಸರು, ಯಾರ ಪರವಾಗಿ ಮಾತಾಡುತ್ತೇನೆ ಎಂಬುದು ಸಾರ್ವಜನಿಕ ಪಟ್ಟಿಯಲ್ಲಿ ಬಂತು. ಮಗಳು ಅದನ್ನು ತಿಪಟೂರಿಗೆ ಕಳಿಸಿದಳು. ಅಮ್ಮ ಫೋನು ಮಾಡಿ, ದನಿ ತಗ್ಗಿಸಿ ಕೇಳಿದರು: "ಲಾಬಿ ಅಂದ್ರೆ ಮಂತ್ರಿಗಿರಿಗೆ ಮಾಡ್ತಾರಲ್ಲ, ಅದೇನೇ? ನೀನ್ಯಾಕೆ ಅಂಥ ಕೆಲಸಕ್ಕೆ ಹೋದೆ?" ಅವರ ತಪ್ಪಿಲ್ಲ. ನಮ್ಮ ಪತ್ರಿಕೆಗಳಲ್ಲಿ ಲಾಬಿ ಎಂಬ ಪದ ಬರುವುದೇ ಸಂಪುಟ ವಿಸ್ತರಣೆಯ ಕಾಲಕ್ಕೆ. ಇಂಗ್ಲಿಷಿನ ಲಾಬಿಗೆ ನಮ್ಮಲ್ಲಿ ಮೊಗಸಾಲೆ ಎಂಬ ಚೆಂದದ ಮಾತಿದೆ, ವಿಧಾನಸೌಧದಲ್ಲಿ ಶಾಸಕರು ಕೂತು ಹರಟುವ ಜಾಗಕ್ಕೆ ಆ ಹೆಸರೇ. ಆದರೆ ಮೊಗಸಾಲೆಗೆ ಹೋಗಿ ಶಾಸಕರ ಕಿವಿಗೆ ಮಾತು ಹಾಕುವವರು ಯಾರು, ಅವರು ಯಾರಿಗೆ ಏನು ಊಟ ಹಾಕಿಸಿದರು ಎಂದು ಬರೆದಿಡುವ ಕಾನೂನು ಭಾರತದಲ್ಲಿ ಇಲ್ಲ. 2012ರ ಕೊನೆಯಲ್ಲಿ ವಾಲ್‌ಮಾರ್ಟ್ ವಿಚಾರಕ್ಕೆ ಸಂಸತ್ತಿನಲ್ಲಿ ಗದ್ದಲ ಎದ್ದದ್ದು ಅನೇಕರಿಗೆ ನೆನಪಿರಬಹುದು. 2008ರಿಂದ ಲಾಬಿಗೆ ಸುಮಾರು 25 ದಶಲಕ್ಷ ಡಾಲರ್ ಖರ್ಚು ಮಾಡಿದ್ದಾಗಿಯೂ, ಅದರಲ್ಲಿ ಭಾರತದ ಮಾರುಕಟ್ಟೆ ಪ್ರವೇಶದ ವಿಷಯವೂ ಸೇರಿರುವುದಾಗಿಯೂ ಕಂಪನಿ ಅಮೆರಿಕದಲ್ಲಿ ಸಲ್ಲಿಸಿದ ವರದಿಗಳಲ್ಲೇ ಬರೆದಿತ್ತು. ನಮ್ಮಲ್ಲಿ ಅದರ ಮೇಲೆ ವಿಚಾರಣಾ ಸಮಿತಿಯೂ ಕೂತಿತು. ಅಮೆರಿಕದಲ್ಲಿ ಬರೆದುಕೊಡುವ ಕಟ್ಟಳೆ ಇದ್ದದ್ದರಿಂದಲೇ ಆ ಸಂಗತಿ ನಮ್ಮವರಿಗೆ ತಿಳಿಯಿತು. ಅಮ್ಮನಿಗೆ ಇದನ್ನೇ ಹೇಳಿದೆ: "ನಾನು ಯಾರಿಗೆ ಒಂದು ಕಾಫಿ ಕೊಡಿಸಿದರೂ ಸರ್ಕಾರಕ್ಕೆ ಬರೆದುಕೊಡಬೇಕು. ಅದನ್ನು ಯಾರು ಬೇಕಾದರೂ ಓದಬಹುದು." ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಸರಿ" ಅಂದರು.

ಕಾಫಿಯ ಮಾತು ಬಂದಿದ್ದಕ್ಕೆ ಹತ್ತು ಡಾಲರಿನ ನಿಯಮವನ್ನು ಇಲ್ಲೇ ಹೇಳುತ್ತೇನೆ. ನೋಂದಾಯಿತ ಲಾಬಿಯಿಸ್ಟ್ ಒಬ್ಬ ಶಾಸಕರಿಗೋ ಅವರ ಸಿಬ್ಬಂದಿಗೋ ಒಂದು ಕ್ಯಾಲೆಂಡರ್ ತಿಂಗಳಲ್ಲಿ ಒಟ್ಟು 10 ಡಾಲರಿಗಿಂತ ಹೆಚ್ಚಿನ ಉಡುಗೊರೆ ಕೊಡುವಂತಿಲ್ಲ. ವಾಟರ್‌ಗೇಟ್ ಹಗರಣದ ಬಿಸಿ ಆರದಿದ್ದ 1974ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಪ್ರಪೊಸಿಷನ್ 9 ಎಂಬ ಪ್ರಸ್ತಾವಕ್ಕೆ ಹತ್ತಿರಹತ್ತಿರ ಶೇ 70ರಷ್ಟು ಮತ ಕೊಟ್ಟು ಈ ಕಾನೂನನ್ನು ತಾವೇ ಮಾಡಿಕೊಂಡರು. ಎರಡು ಹ್ಯಾಂಬರ್ಗರ್, ಒಂದು ಕೋಕ್‌ಗೆ ಸಾಲುವಷ್ಟು ಎಂಬುದು ಆಗಿನ ಲೆಕ್ಕವಂತೆ. ಐವತ್ತು ವರ್ಷ ಕಳೆದರೂ ಆ ಹತ್ತು ಹತ್ತಾಗಿಯೇ ಇದೆ. ಇವತ್ತು ಅದರಲ್ಲಿ ಒಂದು ಒಳ್ಳೆಯ ಸ್ಯಾಂಡ್‌ವಿಚ್ಚೂ ಬರುವುದಿಲ್ಲ. ಆದರೂ ಈ ಮೊತ್ತ ಹೆಚ್ಚಿಸಬಾರದು ಎಂಬುದೇ ನನ್ನ ಅಭಿಪ್ರಾಯ.

ನಿಯಮ ಓದುವಾಗ ಸಲೀಸಾಗಿ ಕಾಣುತ್ತದೆ. ಕೌಂಟರ್ ಮುಂದೆ ನಿಂತಾಗ ಕಷ್ಟ. ಏಪ್ರಿಲ್‌ನಲ್ಲಿ ಒಂದು ಸಮಿತಿಯ ಸಲಹೆಗಾರರಿಗೆ ನಾನೇ ಕಾಫಿ ಕೊಡಿಸಿದೆ, 6 ಡಾಲರ್ 25 ಸೆಂಟ್. ಅದೇ ತಿಂಗಳು ಎರಡು ವಾರ ಬಿಟ್ಟು ಅದೇ ಅಂಗಡಿಯಲ್ಲಿ ಮತ್ತೆ ಭೇಟಿ. ಅವರು ಚಹಾ ಮತ್ತು ಒಂದು ಮಫಿನ್ ಹೇಳಿದರು, 4 ಡಾಲರ್ 50. ಕಾರ್ಡು ಕೈಗೆ ಬಂದುಬಿಟ್ಟಿತ್ತು. ಕೂಡಿದರೆ 10.75. ಮನೆಗೆ ಬಂದವರನ್ನು ಬರಿಗೈಯಲ್ಲಿ, ಬರಿಹೊಟ್ಟೆಯಲ್ಲಿ ಕಳಿಸದ ಊರಿನಲ್ಲಿ ಬೆಳೆದವಳಿಗೆ, ಎದುರಿಗೆ ನಿಂತವರಿಗೆ "ನಿಮ್ಮದು ನೀವೇ ಕೊಡಿ" ಅನ್ನುವುದು ಎಷ್ಟು ಸಂಕಟ ಅಂತ ಹೇಗೆ ಹೇಳಲಿ. ಹೇಳಿದೆ. ಅವರಿಗೆ ಅದೇನೂ ಹೊಸದಲ್ಲ, ನಗುತ್ತಲೇ ಜೇಬಿಗೆ ಕೈ ಹಾಕಿದರು. ಈಗ ಎಲ್ಲರೂ ಅವರವರದು ಅವರವರೇ ಕೊಡುವುದು ಎಂದು ಮಾಡಿಬಿಟ್ಟಿದ್ದೇನೆ.

ಯುಗಾದಿ ಇನ್ನೂ ಕಷ್ಟವಾಯಿತು. 2025ರ ಯುಗಾದಿ ಮಾರ್ಚ್ 30, ನೋಂದಣಿಯಾದ ಮೂರನೇ ದಿನ. ಮಗಳ ಭಾನುವಾರದ ಕನ್ನಡ ತರಗತಿಗೆ ಬರುವ ಇನ್ನೊಂದು ಹುಡುಗಿಯ ಅಪ್ಪ ರಾಜ್ಯ ಶಾಸನಸಭೆಯ ಕೆಳಮನೆಯಾದ ಅಸೆಂಬ್ಲಿಯ ಒಂದು ಕಚೇರಿಯಲ್ಲಿ ಕೆಲಸದಲ್ಲಿದ್ದಾರೆ. ಅವರ ಮನೆಯವರನ್ನೆಲ್ಲ ಒಬ್ಬಟ್ಟಿನ ಊಟಕ್ಕೆ ಕರೆದಾಗಿತ್ತು. ಹಿಂದೆ ಮನೆಯ ಆತಿಥ್ಯಕ್ಕೆ ವಿನಾಯಿತಿ ಇತ್ತು. 2014ರಲ್ಲಿ ಒಬ್ಬ ದೊಡ್ಡ ಲಾಬಿಯಿಸ್ಟ್ ತನ್ನ ಬಂಗಲೆಯಲ್ಲಿ ದುಬಾರಿ ಮದ್ಯ, ಸಿಗಾರು ಇಟ್ಟು ಶಾಸಕರಿಗೆ ಚುನಾವಣಾ ನಿಧಿ ಕೂಟಗಳನ್ನು ನಡೆಸಿದ್ದಕ್ಕೆ 1,33,500 ಡಾಲರ್ ದಂಡ ಬಿತ್ತು. ಅದೇ ವರ್ಷ ಶಾಸನಸಭೆ ಲಾಬಿಯಿಸ್ಟ್‌ಗಳ ಮನೆ ಆತಿಥ್ಯದ ವಿನಾಯಿತಿಯನ್ನು ತೆಗೆದುಹಾಕಿತು. ನಾಲ್ಕು ಜನರ ಹಬ್ಬದೂಟ ಹತ್ತು ಡಾಲರಿನಲ್ಲಿ ಎಲ್ಲಿಂದ ಬರಬೇಕು? ಶನಿವಾರ ಫೋನು ಮಾಡಿ ಬೇಡವೆಂದೆ. ಮಗಳು ಆ ದಿನವೆಲ್ಲ ನನ್ನ ಜೊತೆ ಮಾತಾಡಲಿಲ್ಲ.

ಮೊದಲ ತ್ರೈಮಾಸಿಕದ ವರದಿಗೆ ಏಪ್ರಿಲ್ 30 ಗಡುವು. ಮಾರ್ಚ್‌ನ ಕೊನೆಯ ಕೆಲವೇ ದಿನದ ಲೆಕ್ಕ, ಯಾರಿಗೂ ಏನೂ ಖರ್ಚು ಮಾಡಿರಲಿಲ್ಲ. ಅರ್ಧ ದಿನದಲ್ಲಿ ಮುಗಿಯಿತು, ಇಷ್ಟೇನಾ ಅನ್ನಿಸಿತು.

ಆಮೇಲೆ ಬಂತು ಔತಣಕೂಟ. ಪ್ರತಿ ಮೇ ತಿಂಗಳಲ್ಲೂ ಸಂಘದ ಕಚೇರಿಯ ಅಂಗಳದಲ್ಲಿ ಬೆಳೆಗಾರರು, ಶಾಸಕರು, ಕೃಷಿ ಇಲಾಖೆಯವರು ಒಂದು ಸಂಜೆ ಸೇರುತ್ತಾರೆ. ಖರ್ಚು ಸಂಘದ್ದು. ಸಂಘ ಲಾಬಿಯಿಸ್ಟ್ ಅಲ್ಲ, ಲಾಬಿಯಿಸ್ಟನ್ನು ನೇಮಿಸಿಕೊಂಡ ಮಾಲೀಕ. ಹೀಗಾಗಿ ಸಂಘಕ್ಕೆ ಹತ್ತು ಡಾಲರಿನ ಮಿತಿ ಇಲ್ಲ, ವರ್ಷಕ್ಕೆ ಒಬ್ಬ ಅಧಿಕಾರಿಗೆ 630 ಡಾಲರ್ ಎಂಬ ಸಾಮಾನ್ಯ ಮಿತಿ ಮಾತ್ರ. ಆ ಮಿತಿ ಎರಡು ವರ್ಷಕ್ಕೊಮ್ಮೆ ಬದಲಾಗುತ್ತದೆ, ಈ ಮೊತ್ತ 2025 ಮತ್ತು 2026ಕ್ಕೆ. ಸಂಘಕ್ಕೆ ಅಡ್ಡಿಯಿಲ್ಲವಲ್ಲ ಎಂದು ನಾವೆಲ್ಲ ನಿರಾಳವಾಗಿದ್ದೆವು. ಆದರೆ ಹತ್ತು ಡಾಲರ್ ದಾಟಿದ ಉಡುಗೊರೆಯನ್ನು ಬೇರೆಯವರು ಕೊಟ್ಟರೂ ಅದನ್ನು ಏರ್ಪಾಡು ಮಾಡಿಕೊಡುವುದು ಲಾಬಿಯಿಸ್ಟ್‌ಗೆ ನಿಷಿದ್ಧ. ಆಮಂತ್ರಣ ಕಳಿಸಬಾರದು, ಬರುತ್ತೀರಾ ಎಂದು ಕೇಳಬಾರದು, ಬರುತ್ತೇವೆ ಎಂದು ತಿಳಿಸುವ ವಿಳಾಸದಲ್ಲಿ ಹೆಸರಿರಬಾರದು, ಕೈಯಾರೆ ಕೊಡಬಾರದು.

ಮುದ್ರಣವಾಗಿ ಬಂದ ಮುನ್ನೂರು ಆಮಂತ್ರಣಗಳ ಕೆಳಗೆ ನನ್ನ ಇಮೇಲ್ ವಿಳಾಸವಿತ್ತು.

ಐದು ವರ್ಷದಿಂದ ಅದೇ ವಿಳಾಸ ಹಾಕುತ್ತಿದ್ದೆವು, ಯಾರಿಗೂ ಹೊಳೆದಿರಲಿಲ್ಲ. ಪುಣ್ಯಕ್ಕೆ ಅಂಚೆಗೆ ಹಾಕುವ ಹಿಂದಿನ ದಿನ ಕಣ್ಣಿಗೆ ಬಿತ್ತು. ಮತ್ತೆ ಮುದ್ರಿಸಲು 212 ಡಾಲರ್. ಹೊಸದರಲ್ಲಿ ಕಚೇರಿ ವ್ಯವಸ್ಥಾಪಕಿಯ ವಿಳಾಸ ಹಾಕಿದೆವು. ಹಳೆಯದರಲ್ಲಿ ಬಿಟ್ಟುಹೋಗಿದ್ದ ಇನ್ನೊಂದು ಸಾಲನ್ನೂ ಸೇರಿಸಿದೆವು: ಸಾರ್ವಜನಿಕ ಅಧಿಕಾರಿಗಳು ಈ ಕಾರ್ಯಕ್ರಮಕ್ಕೆ ಬಂದರೆ ಅದು ವರದಿ ಮಾಡಬೇಕಾದ ಉಡುಗೊರೆಯನ್ನು ಸ್ವೀಕರಿಸಿದಂತೆ ಆಗುತ್ತದೆ ಎಂಬ ಸೂಚನೆ. ಇದು ಕಾನೂನಿನಲ್ಲೇ ಇರುವ ಮಾತು, ಅಕ್ಷರದ ಗಾತ್ರವೂ ಅಲ್ಲೇ ಇದೆ. ಅಚ್ಚಿಗೆ ಕೊಡುವ ಮೊದಲು ಆ ಒಂದು ಸಾಲನ್ನು ಇಬ್ಬರು ಓದಿ.

ಮೇ 14ರ ಸಂಜೆ ಗಾಳಿ ತಂಪಾಗಿತ್ತು. 102 ಜನ ಬಂದರು. ಬರುತ್ತೇವೆ ಎಂದವರು 118. ಬಾಗಿಲಲ್ಲಿ ಇಬ್ಬರು ತರಬೇತಿ ಹುಡುಗರು ಹೆಸರಿನ ಚೀಟಿ ಹಂಚುತ್ತಿದ್ದರು. ಆಹ್ವಾನಿತರಿಗೆ ಮುದ್ರಿಸಿದ ಚೀಟಿ, ಜೊತೆಗೆ ಬಂದವರಿಗೆ ಬರೀ "ಅತಿಥಿ" ಎಂದಿರುವ ಚೀಟಿ. ಆ ಒಂದು ಪದ ನನ್ನ ಜೂನ್ ತಿಂಗಳನ್ನೆಲ್ಲ ನುಂಗಿತು.

ಹೊರಡುವವರಿಗೆ ಕೊಡಲು ಬಾಗಿಲ ಪಕ್ಕದ ಮೇಜಿನ ಮೇಲೆ ಜರ್ದಾಲಿನ ಡಬ್ಬಿಗಳಿದ್ದವು. ಮರದ ಸಣ್ಣ ಡಬ್ಬಿ, ಮುಚ್ಚಳದ ಮೇಲೆ ಹಗ್ಗದ ಗಂಟು. ಒಂದಕ್ಕೆ ಸಂಘಕ್ಕೆ ಬಿದ್ದ ಬೆಲೆ 11 ಡಾಲರ್. ಎಂಟೂವರೆಯ ಹೊತ್ತಿಗೆ ನಾನು ಆ ಮೇಜಿಗೆ ಒರಗಿ ಒಬ್ಬ ಬೆಳೆಗಾರರ ಜೊತೆ ಮಾತಾಡುತ್ತಿದ್ದೆ. ಒಬ್ಬ ಅಸೆಂಬ್ಲಿ ಸದಸ್ಯರ ಹೆಂಡತಿ ಬಂದು, "ಇದು ನಮಗಾ?" ಎಂದು ಕೈ ಚಾಚಿದರು. ಡಬ್ಬಿ ನನ್ನ ಬಲಗೈಯಿಂದ ಗೇಣು ದೂರ. ಎತ್ತಿ ಕೊಟ್ಟರೆ ಕೊಟ್ಟವಳು ನಾನು. ಒಂದು ಡಾಲರ್ ಹೆಚ್ಚು. ನನ್ನ ಕೈ ಡಬ್ಬಿಯ ಹತ್ತಿರ ಹೋಗಿ ನಿಂತುಬಿಟ್ಟಿತು. ಬಾಗಿಲಲ್ಲಿದ್ದ ಹುಡುಗನನ್ನು ಕೂಗಿದೆ, ಅವನು ಬಂದು ಕೊಟ್ಟ. ಆಕೆಯ ಮುಖದಲ್ಲಿ ಒಂದು ಗೊಂದಲ ಬಂದು ಹೋಯಿತು. ನನಗೂ ಮುಖ ಬಿಸಿಯಾಯಿತು. ಮುಂದಿನ ವರ್ಷ ಡಬ್ಬಿಯ ಮೇಜನ್ನೇ ನಾನಿರುವ ಕಡೆ ಇಡಬೇಡಿ ಎಂದು ಹೇಳಿದ್ದೇನೆ. ಲಾಬಿಯಿಸ್ಟ್ ಕೂಟದಲ್ಲಿ ಇರಬಹುದು, ಮಾತಾಡಬಹುದು. ಬಡಿಸುವವರ ಸಾಲಿನಲ್ಲಿ ನಿಲ್ಲಬೇಡಿ.

ಮರುದಿನ ಲೆಕ್ಕಕ್ಕೆ ಕೂತೆ. ಆಮಂತ್ರಿತರಿಗಷ್ಟೇ ಇರುವ ಕೂಟದಲ್ಲಿ ಊಟ, ತಿಂಡಿತೀರ್ಥ, ಬಡಿಸುವ ಸೇವೆ, ಮನರಂಜನೆ ಇವುಗಳ ಒಟ್ಟು ಖರ್ಚನ್ನು ತಲಾವಾರು ಭಾಗಿಸಬೇಕು. ಕೈಗೆ ಕೊಟ್ಟ ವಸ್ತುವಿನ ಬೆಲೆ ಅದರ ಮೇಲೆ. ಅಡುಗೆಯವರದು 3,784 ಡಾಲರ್, ಸಂಗೀತಗಾರರಿಗೆ 500. ಒಟ್ಟು 4,284, ತಲಾ 42. ಹಾಗೆಂದು ಬರೆದಿಟ್ಟೆ. ಜೂನ್ 9ಕ್ಕೆ ಅಡುಗೆಯವರಿಂದ ಎರಡನೇ ಬಿಲ್ಲು ಬಂತು, ಸೇವಾ ಶುಲ್ಕ 306 ಬಿಟ್ಟುಹೋಗಿತ್ತಂತೆ. ಈಗ 4,590, ತಲಾ 45. ಅಷ್ಟರಲ್ಲಿ ಮೂರು ಕಚೇರಿಗಳಿಗೆ 42 ಎಂದು ತಿಳಿಸಿಯಾಗಿತ್ತು, ಅವರಿಗೆಲ್ಲ ಮತ್ತೆ ಬರೆಯಬೇಕಾಯಿತು. ಕೊನೆಯ ಬಿಲ್ಲು ಇದೇ ಎಂದು ಬರಹದಲ್ಲಿ ಪಡೆಯುವ ತನಕ ಯಾರಿಗೂ ಅಂಕಿ ಹೇಳಬೇಡಿ.

ಭಾಗಿಸುವಾಗ ಬರುತ್ತೇವೆಂದು ಒಪ್ಪಿಕೊಂಡವರ ಸಂಖ್ಯೆಯನ್ನೂ ಹಿಡಿಯಬಹುದು, ನಿಜವಾಗಿ ಬಂದವರ ಸಂಖ್ಯೆಯನ್ನೂ ಹಿಡಿಯಬಹುದು. 118ರಿಂದ ಭಾಗಿಸಿದ್ದರೆ 39ಕ್ಕೂ ಕಡಿಮೆ ಬರುತ್ತಿತ್ತು. ನಮ್ಮ ಲೆಕ್ಕಿಗರು ಅದನ್ನೇ ಹಾಕೋಣ ಅಂದರು. ಬಾರದವರ ತಲೆಯ ಮೇಲೆ ಊಟದ ಖರ್ಚು ಹಾಕಲು ನನಗೆ ಮನಸ್ಸು ಬರಲಿಲ್ಲ. ಇಲ್ಲಿ ಸಣ್ಣ ಅಂಕಿಗೂ ತೂಕವಿದೆ. ಅಧಿಕಾರಿಗಳು ತಮ್ಮ ಕಡೆಯಿಂದ ಫಾರ್ಮ್ 700 ತುಂಬಬೇಕು. ಒಂದೇ ಮೂಲದಿಂದ ವರ್ಷಕ್ಕೆ 50 ಡಾಲರ್ ಅಥವಾ ಹೆಚ್ಚು ಬಂದಿದ್ದರೆ ಅದರಲ್ಲಿ ಕಾಣಿಸಬೇಕು. ಊಟ 45, ಡಬ್ಬಿ 11, ಒಟ್ಟು 56. ಡಬ್ಬಿ ತೆಗೆದುಕೊಂಡವರು ಗೆರೆ ದಾಟಿದರು, ಬಿಟ್ಟುಹೋದವರು ದಾಟಲಿಲ್ಲ. ಹೀಗಾಗಿ ಯಾರ ಕೈಯಲ್ಲಿ ಡಬ್ಬಿ ಇತ್ತು ಎಂಬುದೂ ಖಚಿತವಾಗಬೇಕಿತ್ತು.

ಇನ್ನು ಅತಿಥಿಗಳು. ಬಂದವರಲ್ಲಿ 20 ಜನ ವರದಿಗೆ ಸೇರುವ ಅಧಿಕಾರಿಗಳು: 5 ಶಾಸಕರು, 12 ಸಿಬ್ಬಂದಿ, 3 ಇಲಾಖೆಯವರು. "ಅತಿಥಿ" ಚೀಟಿ ಹಂಚಿದ್ದು 9. ಅಧಿಕಾರಿಯ ಗಂಡ ಅಥವಾ ಹೆಂಡತಿ, ಅವಲಂಬಿತ ಮಕ್ಕಳು ಇವರಿಗೆ ಮಾಡಿದ ಖರ್ಚನ್ನೂ ವರದಿಯಲ್ಲಿ ತೋರಿಸಬೇಕು. ಜೊತೆಗೆ ಕರೆತಂದ ಬೇರೆಯವರ ಪಾಲು ಕೂಡ ಕರೆತಂದ ಅಧಿಕಾರಿಯ ಲೆಕ್ಕಕ್ಕೇ ಬರುತ್ತದೆ. ಆ ಅಸೆಂಬ್ಲಿ ಸದಸ್ಯರ ಜೊತೆ ಹೆಂಡತಿ ಮತ್ತು ಊರಿಂದ ಬಂದಿದ್ದ ನಾದಿನಿ ಇದ್ದರು. ಮೂರು ಊಟ 135, ಎರಡು ಡಬ್ಬಿ 22, ಅವರ ಹೆಸರಿನ ಮುಂದೆ 157 ಡಾಲರ್. ಒಬ್ಬರೇ ಬಂದು ಹೋದವರಂತೆ 45 ಎಂದು ಬರೆದಿದ್ದರೆ ಅದು ಸುಳ್ಳು ವರದಿ.

ಮೇಲ್ಮನೆಯ ಒಬ್ಬ ಸೆನೆಟರ್ ಹನ್ನೆರಡು ನಿಮಿಷ ಇದ್ದರು. ನಿಂಬೆ ಪಾನಕ, ಜರ್ದಾಲಿನ ಎರಡು ತುಂಡು, ನಾಲ್ಕು ಜನರಿಗೆ ಕೈಕುಲುಕಿ ಹೊರಟರು. ಹೀಗೆ ಊಟಕ್ಕೆ ನಿಲ್ಲದೆ ಸುಮ್ಮನೆ ಹಾಯ್ದು ಹೋದವರಿಗೆ ತಲಾ ಪಾಲು ಹಾಕಬೇಕಿಲ್ಲ. ಅವರೂ ಅವರ ಜೊತೆಯವರೂ ತಿಂದು ಕುಡಿದದ್ದರ ಬೆಲೆ ಮಾತ್ರ ಸಾಕು, 5 ಡಾಲರ್ 50. ಅವರ ಹಿಂದೆ ಬಂದಿದ್ದ ಯುವಕನನ್ನು ಬಾಗಿಲ ಹುಡುಗರು "ಅತಿಥಿ" ಮಾಡಿದ್ದರು. ಅವನು ಅದೇ ಸೆನೆಟರ್ ಕಚೇರಿಯ ಶಾಸನ ಸಹಾಯಕ. ಅಂದರೆ ಅತಿಥಿಯಲ್ಲ, ಅವನೇ ಒಬ್ಬ ಅಧಿಕಾರಿ, ಅವನಿಗೆ ಬೇರೆಯೇ ಒಂದು ಸಾಲು, ಅವನ ಪಾನಕಕ್ಕೆ 3 ಡಾಲರ್. ಇದನ್ನು ನಾನು ಕಂಡುಕೊಂಡದ್ದು ಜುಲೈ 2ಕ್ಕೆ, ಅವನನ್ನೇ ಶಾಸನಸಭೆಯ ಒಂದು ಸಮಿತಿಯ ಸಭೆಯಲ್ಲಿ ಮೇಜಿನ ಆಚೆ ನೋಡಿದಾಗ.

ಒಂಬತ್ತರಲ್ಲಿ ಏಳು ಚೀಟಿ ಬಗೆಹರಿದವು. ಎರಡು ಉಳಿದವು. ತರಬೇತಿ ಹುಡುಗಿ ತೆಗೆದಿದ್ದ 240 ಫೋಟೋಗಳನ್ನು ಒಂದು ಶನಿವಾರ ಪೂರ್ತಿ ಕೂತು ನೋಡಿದೆ. ನೀಲಿ ಕೋಟಿನ ಒಬ್ಬರು ಎಲ್ಲ ಚಿತ್ರಗಳಲ್ಲೂ ಬೇರೆಬೇರೆಯವರ ಪಕ್ಕ ನಗುತ್ತಾ ನಿಂತಿದ್ದಾರೆ. ಯಾರ ಜೊತೆ ಬಂದವರು? ಕಚೇರಿಗಳಿಗೆ ಪತ್ರ ಬರೆದು ಕೇಳಿದೆವು. ಆ ಪತ್ರವನ್ನು ನಾನು ಬರೆಯುವುದು ಬೇಡ, ವ್ಯವಸ್ಥಾಪಕಿ ಬರೆಯಲಿ ಎಂದು ವಕೀಲರು ಹೇಳಿದ್ದರು. ಗಂಟೆಗೆ 425 ಡಾಲರಿನ ಆ ವಕೀಲರ ಎರಡು ಗಂಟೆಗೆ 850 ಆಯಿತು, ಲೆಕ್ಕ ಬಗೆಹರಿಸುವುದಕ್ಕೆ ಆದ ದೊಡ್ಡ ಖರ್ಚು ಅದೇ. ಕೆಲವು ಕಚೇರಿಗಳಿಂದ ಮರುದಿನವೇ ಉತ್ತರ ಬಂತು, ಒಂದೆರಡು ಕಡೆಯಿಂದ ಮೂರು ವಾರ ಸದ್ದಿಲ್ಲ. ನೀಲಿ ಕೋಟಿನವರು ಕೊನೆಗೆ ನಮ್ಮ ಸದಸ್ಯ ಬೆಳೆಗಾರರೊಬ್ಬರ ಅಳಿಯ ಎಂದು ತಿಳಿಯಿತು. ಯಾವ ಅಧಿಕಾರಿಯ ಲೆಕ್ಕಕ್ಕೂ ಸೇರಬೇಕಿಲ್ಲ. ಇನ್ನೊಬ್ಬಾಕೆ ಇಲಾಖೆಯ ಅಧಿಕಾರಿಯೊಬ್ಬರ ಗೆಳತಿ, ಅವರ ಸಾಲಿಗೆ ಇನ್ನೊಂದು 45 ಸೇರಿತು.

ವಕೀಲರಿಗೆ ದುಡ್ಡು ಕೊಡುವ ಮೊದಲು ಎಫ್‌ಪಿಪಿಸಿಯಲ್ಲಿ ಬಿಟ್ಟಿಯಾಗಿ ಸಲಹೆ ಸಿಗುತ್ತದೆ ಎಂಬುದು ನೆನಪಿರಲಿ. ಫೋನಿನಲ್ಲಿ, ಇಮೇಲಿನಲ್ಲಿ ಕೇಳಬಹುದು. ವಿಧಿವತ್ತಾದ ಲಿಖಿತ ಸಲಹೆ ಬೇಕಿದ್ದರೆ 21 ಕೆಲಸದ ದಿನದೊಳಗೆ ಕೊಡಬೇಕೆಂದು ಕಾನೂನಿದೆ. ನಿಜ ಸಂಗತಿಯನ್ನೆಲ್ಲ ಹೇಳಿ ಪಡೆದ ಆ ಸಲಹೆಯಂತೆ ನಡೆದರೆ ಅದು ನಿಮಗೆ ರಕ್ಷಣೆ. ಗಡುವು ಹತ್ತಿರ ಬಂದಮೇಲೆ ಕೇಳಿದರೆ ಪ್ರಯೋಜನವಿಲ್ಲ, ಆ 21 ಕೆಲಸದ ದಿನ ಮೊದಲೇ ಎಣಿಸಿಕೊಳ್ಳಿ.

ತ್ರೈಮಾಸಿಕ ಮುಗಿದ ಎರಡು ವಾರದೊಳಗೆ ಲಾಬಿಯಿಸ್ಟ್ ತನ್ನ ಸ್ವಂತ ವರದಿ, ಫಾರ್ಮ್ 615, ಮಾಲೀಕರಿಗೆ ಕೊಡಬೇಕು. ಏಪ್ರಿಲ್‌ನ ಆ 6.25ರ ಕಾಫಿ ಅದರಲ್ಲಿ ಹೋಯಿತು. ಅದನ್ನು ಸಂಘದ ಫಾರ್ಮ್ 635ಕ್ಕೆ ಲಗತ್ತಿಸಬೇಕು. 635ರಲ್ಲಿ ನನ್ನ ಸಂಬಳದಿಂದ ಹಿಡಿದು ಎಲ್ಲ ಇದೆ, ಆದರೆ ಬೆವರಿಳಿಸುವುದು ಚಟುವಟಿಕೆ ವೆಚ್ಚದ ಭಾಗ, ಅಂದರೆ ಅಧಿಕಾರಿಗಳಿಗೂ ಅವರ ಮನೆಯವರಿಗೂ ಪ್ರಯೋಜನವಾದ ಖರ್ಚು. ದಿನಾಂಕ, ದುಡ್ಡು ಪಡೆದವರ ಹೆಸರು ವಿಳಾಸ, ಪ್ರಯೋಜನ ಪಡೆದ ಅಧಿಕಾರಿಯ ಹೆಸರು, ಹುದ್ದೆ, ಅವರ ಪಾಲಿನ ಮೊತ್ತ, ಏನು ಕೊಟ್ಟಿರಿ ಎಂಬ ವಿವರ. ನಮ್ಮ ನಿರ್ದೇಶಕರು ತಮ್ಮ ಸ್ವಂತ ಕಾರ್ಡಿನಲ್ಲಿ ಸಂಗೀತಗಾರರಿಗೆ ದುಡ್ಡು ಕೊಟ್ಟಿದ್ದರಿಂದ ಲೆಕ್ಕದ ಪುಸ್ತಕದಲ್ಲಿ ಅವರ ಹೆಸರೇ ಇತ್ತು. ವರದಿಗೆ ಬೇಕಾದದ್ದು ಕೊನೆಗೆ ದುಡ್ಡು ಸೇರಿದವರ ಹೆಸರು. ತಡವಾದರೆ ದಿನಕ್ಕೆ 10 ಡಾಲರ್, ಆದರೆ ಕಾನೂನು ಮುರಿದಿದ್ದಾರೆ ಎಂದಾದರೆ ಒಂದೊಂದು ಉಲ್ಲಂಘನೆಗೆ 5,000 ಡಾಲರ್‌ವರೆಗೆ ದಂಡ. ಬಿಲ್ಲು, ಪಟ್ಟಿ, ಪತ್ರಗಳನ್ನು ಐದು ವರ್ಷ ಕಾಪಾಡಬೇಕು.

ತ್ರೈಮಾಸಿಕ ಮುಗಿದ 30 ದಿನದೊಳಗೆ ಆ 20 ಜನಕ್ಕೂ ನಾವು ಪತ್ರ ಕಳಿಸಬೇಕಿತ್ತು: ಈ ದಿನ, ಇಷ್ಟು ಬೆಲೆಯ, ಇಂಥದ್ದನ್ನು ನೀವು ಪಡೆದಿರಿ ಎಂದು. ಅಂದರೆ ವರದಿಯ ಗಡುವಿಗಿಂತ ಒಂದು ದಿನ ಮೊದಲೇ, ಜುಲೈ 30ಕ್ಕೆ. ಇದನ್ನು ಬಹಳ ಜನ ಮರೆಯುತ್ತಾರೆ. ಪತ್ರ ನೋಡಿ ಒಬ್ಬರ ಕಚೇರಿಯಿಂದ ಕರೆ ಬಂತು, ತಮ್ಮವರು ಡಬ್ಬಿ ತೆಗೆದುಕೊಂಡಿರಲಿಲ್ಲ ಎಂದು. ಫೋಟೋ ನೋಡಿದೆ, ಅವರ ಮಾತೇ ಸರಿ. 56 ಹೋಗಿ 45 ಆಯಿತು. ಆ ಪತ್ರ ಹೋಗದಿದ್ದರೆ ನಮ್ಮ ವರದಿಯಲ್ಲೊಂದು, ಅವರ ಫಾರ್ಮಿನಲ್ಲೊಂದು ಅಂಕಿ ಉಳಿದು, ನಾಳೆ ಯಾರೋ ಪತ್ರಕರ್ತರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಒಬ್ಬ ಪ್ರಾಮಾಣಿಕ ಸಿಬ್ಬಂದಿಯ ಮೇಲೆ ಅನುಮಾನ ಬೀಳುತ್ತಿತ್ತು.

ಬೇರೆ ರಾಜ್ಯದಲ್ಲಿರುವವರು ನನ್ನ ಅಂಕಿಗಳನ್ನು ನಂಬಿಕೊಳ್ಳಬೇಡಿ. ವಾಷಿಂಗ್ಟನ್ ರಾಜ್ಯದಲ್ಲಿ ವರದಿ ಪ್ರತಿ ತಿಂಗಳು, ಮುಂದಿನ ತಿಂಗಳ 15ಕ್ಕೆ. ಅಲ್ಲಿನ ಶಾಸಕರು ಲಾಬಿಯಿಸ್ಟ್‌ಗಳಿಂದ ವರ್ಷಕ್ಕೆ 12 ಊಟ ಮಾತ್ರ ಸ್ವೀಕರಿಸಬಹುದು ಎಂದು ಅಲ್ಲಿಯ ನೀತಿ ಮಂಡಳಿ 2014ರಲ್ಲಿ ಹೇಳಿದೆ. ಫ್ಲೋರಿಡಾದಲ್ಲಿ ಲಾಬಿಯಿಸ್ಟ್ ಶಾಸಕರಿಗೆ ಒಂದು ಲೋಟ ಕಾಫಿ ಕೊಡಿಸುವುದಕ್ಕೂ ಎಡೆಯಿಲ್ಲ.

ಜುಲೈ 29ರ ರಾತ್ರಿ ರಾಜ್ಯದ ಕ್ಯಾಲ್-ಆಕ್ಸೆಸ್ ತಾಣದಲ್ಲಿ ಕೊನೆಯ ಗುಂಡಿ ಒತ್ತಿದಾಗ ಹನ್ನೊಂದೂಕಾಲು. ಬೆಳಗ್ಗೆ ಅಡುಗೆಮನೆಯಲ್ಲಿ ನಿಂತುಕೊಂಡೇ ಅದೇ ತಾಣವನ್ನು ಸಾರ್ವಜನಿಕರ ಕಡೆಯಿಂದ ತೆರೆದೆ. ನಮ್ಮ ವರದಿ ಬಂದಿತ್ತು. ಆ ಅಸೆಂಬ್ಲಿ ಸದಸ್ಯರ ಸಾಲು: ದಿನಾಂಕ, ಊಟ, ಒಣಹಣ್ಣಿನ ಡಬ್ಬಿ, ಜೊತೆಗೆ ಇಬ್ಬರು, 157 ಡಾಲರ್. ಅವರ ಕ್ಷೇತ್ರದ ಯಾವ ರೈತ, ಯಾವ ಶಾಲಾ ಮಾಸ್ತರು ಬೇಕಾದರೂ ಅದನ್ನು ಓದಿ ಅವರನ್ನು ಕೇಳಬಹುದು. ಹನ್ನೊಂದು ವಾರದ ದಣಿವೆಲ್ಲ ಆ ಸಾಲು ಓದುವಾಗ ಇಳಿಯಿತು. ತೆರೆಯ ಚಿತ್ರ ತೆಗೆದು ಅಮ್ಮನಿಗೆ ಕಳಿಸಿದೆ.

ಸೆಪ್ಟೆಂಬರ್ 18ಕ್ಕೆ ಸುಗ್ಗಿಯ ಕೂಟ ಇದೆ, ಅದರ ವರದಿಗೆ ಅಕ್ಟೋಬರ್ 31 ಗಡುವು. "ಅತಿಥಿ" ಚೀಟಿಗಳ ಕಟ್ಟನ್ನು ಕಸಕ್ಕೆ ಹಾಕಿಸಿದ್ದೇನೆ. ಅದರ ಬದಲಿಗೆ ಉದ್ದದ ಹಾಳೆಯಲ್ಲಿ ಆರು ಕಾಲಂ ಗೀಚಿದ್ದೇನೆ: ಹೆಸರು, ಹುದ್ದೆ, ಯಾರ ಜೊತೆ ಬಂದರು, ಬಂದ ಹೊತ್ತು, ಹೋದ ಹೊತ್ತು, ಡಬ್ಬಿ ತೆಗೆದುಕೊಂಡರೇ. ಕ್ಲಿಪ್‌ಬೋರ್ಡನ್ನು ಆಗಲೇ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿಯಾಗಿದೆ, ದಾರ ಕಟ್ಟಿದ ಪೆನ್ನಿನ ಸಮೇತ.